ನೀಲಿ ಐಮ್ಯಾಕ್ ದೀಪವಾದ ಬಗೆ

ನಾನು ಪುಟವಿನ್ಯಾಸ ಕಲಿತದ್ದು ಬೆಂಗಳೂರಿನ ಸಣ್ಣ ವಿನ್ಯಾಸ ಕಚೇರಿಯೊಂದರಲ್ಲಿದ್ದ ಮೊದಲ ತಲೆಮಾರಿನ ಐಮ್ಯಾಕ್ ಕಂಪ್ಯೂಟರಿನ ಮುಂದೆ ಕುಳಿತು. 1998ರಲ್ಲಿ ಆಪಲ್ ಹೊರತಂದ ಆ ಯಂತ್ರದ ಮೈಬಣ್ಣ ಸಿಡ್ನಿಯ ಬಾಂಡೈ ಕಡಲತೀರದ ಹೆಸರು ಹೊತ್ತ, ಹಸಿರು ಬೆರೆತ ನೀಲಿ. ಒಳಗಿನ ಭಾಗಗಳು ಮಸುಕಾಗಿ ಕಾಣುವಷ್ಟು ಅದು ಅರೆಪಾರದರ್ಶಕ. ಕಚೇರಿ ಮುಚ್ಚಿದಾಗ ಮಾಲೀಕರು ಅದನ್ನು ನನಗೇ ಕೊಟ್ಟರು. ಕೆಲವು ವರ್ಷಗಳ ಬಳಿಕ ಪರದೆಗೆ ಅಧಿಕ ವೋಲ್ಟೇಜ್ ಒದಗಿಸುವ ಫ್ಲೈಬ್ಯಾಕ್ ಟ್ರಾನ್ಸ್‌ಫಾರ್ಮರ್ ಕೆಟ್ಟಿತು. ದುರಸ್ತಿಯ ದಾರಿಗಳೆಲ್ಲ ಮುಚ್ಚಿದ ಮೇಲಷ್ಟೇ ನಾನು ಸ್ಕ್ರೂ ಡ್ರೈವರ್ ಹಿಡಿದೆ, ಏಕೆಂದರೆ ಇನ್ನೂ ಕೆಲಸ ಮಾಡುವ ಇಂಥ ಯಂತ್ರವನ್ನು ದೀಪಕ್ಕಾಗಿ ಬಿಚ್ಚುವುದು ತಪ್ಪೆಂದೇ ನನ್ನ ಅಭಿಪ್ರಾಯ.

ಅತ್ಯಂತ ಅಪಾಯದ ಭಾಗ 15 ಇಂಚಿನ ಪಿಕ್ಚರ್ ಟ್ಯೂಬ್. ಪ್ಲಗ್ ಕಿತ್ತ ಮೇಲೂ ಅದರ ಆನೋಡ್‌ನಲ್ಲಿ, ಅಂದರೆ ಅಧಿಕ ವೋಲ್ಟೇಜ್ ಬಂದು ಸೇರುವ ಜಾಗದಲ್ಲಿ, ಸಾವಿರಾರು ವೋಲ್ಟ್‌ಗಳಷ್ಟು ವಿದ್ಯುತ್ ಉಳಿದಿರಬಹುದು. ಆದ್ದರಿಂದ ಈ ಕೆಲಸವನ್ನು ನಾನೊಬ್ಬನೇ ಮಾಡದೆ, ಹಳೆಯ ಟಿ.ವಿ. ದುರಸ್ತಿಯಲ್ಲಿ ಪಳಗಿದ ಗೆಳೆಯರೊಬ್ಬರನ್ನು ಕರೆದೆ. ಅವರು ರಬ್ಬರ್ ಕೈಗವಸು ತೊಟ್ಟು, ಟ್ಯೂಬಿನ ಹೊರಮೈಯ ಭೂಸಂಪರ್ಕದ ತಂತಿಗೆ ಜೋಡಿಸಿದ ಸ್ಕ್ರೂ ಡ್ರೈವರಿನ ತುದಿಯನ್ನು ಆನೋಡ್‌ನ ರಬ್ಬರ್ ಟೋಪಿಯಡಿ ತೂರಿಸಿ ಆ ವಿದ್ಯುತ್ತನ್ನು ಹರಿಯಬಿಟ್ಟರು. ಅನುಭವವಿಲ್ಲದವರು ಇದನ್ನು ಎಂದಿಗೂ ಪ್ರಯತ್ನಿಸಬಾರದು. ಟ್ಯೂಬಿನ ಗಾಜಿನಲ್ಲಿ ಸೀಸವಿರುವುದರಿಂದ ಅದನ್ನು ಒಡೆಯದೆ, ಇ-ತ್ಯಾಜ್ಯ ಸಂಸ್ಕರಿಸಲು ಪರವಾನಗಿ ಪಡೆದವರಿಗೆ ಇಡಿಯಾಗಿ ಒಪ್ಪಿಸಿದೆ. ಹಾರ್ಡ್ ಡಿಸ್ಕನ್ನು ಮಾತ್ರ ನಾನೇ ಇಟ್ಟುಕೊಂಡಿದ್ದೇನೆ. ನನ್ನ ಮೊದಲ ಪುಟಗಳು ಅದರಲ್ಲಿವೆ.

ಬೆಳಕಿಗೆ ಅಡ್ಡವಾಗಿದ್ದ ಲೋಹದ ಕವಚವನ್ನೂ ತೆಗೆದ ಮೇಲೆ ಹೊರಮೈಯ ಪ್ಲಾಸ್ಟಿಕ್ಕನ್ನು ಸಾಬೂನು ನೀರಿನಿಂದಷ್ಟೇ ತೊಳೆದೆ. ಪಾಲಿಕಾರ್ಬೊನೇಟ್ ಎಂಬ ಈ ಪ್ಲಾಸ್ಟಿಕ್ಕಿಗೆ ಥಿನ್ನರ್ ತಗುಲಿದರೆ ಮೈ ತುಂಬ ಸಣ್ಣ ಬಿರುಕು ಬಿಡುತ್ತದೆ.

ನನ್ನನ್ನು ಹಲವು ಸಂಜೆ ಕಾಡಿದ್ದು ಬೆಳಕಿನ ಆಯ್ಕೆ. ಮೊದಲು 9 ವಾಟ್‌ನ ಎಲ್‌ಇಡಿ ಬಲ್ಬೊಂದನ್ನು ನಡುವೆ ನಿಲ್ಲಿಸಿದೆ. ಬಲ್ಬಿದ್ದ ಕಡೆ ಕಣ್ಣು ಕುಕ್ಕುವ ಒಂದು ಚುಕ್ಕೆ, ಉಳಿದೆಡೆ ಮಬ್ಬು. ಮನೆಗೆ ಒಪ್ಪುತ್ತದೆಂದು ತಂದ 2700 ಕೆಲ್ವಿನ್‌ನ (ಕೆಲ್ವಿನ್ ಇಲ್ಲಿ ಬೆಳಕಿನ ಬಣ್ಣದ ಅಳತೆ) ಹಳದಿ ಬೆಳಕಿನಲ್ಲಿ ಕಡಲನೀಲಿಯೆಲ್ಲ ಪಾಚಿಯ ಬಣ್ಣಕ್ಕೆ ತಿರುಗಿತು. ಬಣ್ಣದ ಪ್ಲಾಸ್ಟಿಕ್ ತನ್ನ ಬಣ್ಣವನ್ನು ಹೊಸದಾಗಿ ಸೃಷ್ಟಿಸುವುದಿಲ್ಲ, ಬೆಳಕಿನಲ್ಲಿ ಇರುವುದನ್ನಷ್ಟೇ ಹಾಯಗೊಡುತ್ತದೆ. ಹಳದಿ ಬೆಳಕಿನಲ್ಲಿ ನೀಲಿಯ ಅಂಶವೇ ಕಡಿಮೆ. ಹಾಗಾಗಿ 6500 ಕೆಲ್ವಿನ್‌ನ ಬಿಳಿ ಎಲ್‌ಇಡಿ ಪಟ್ಟಿಗೆ ಬದಲಿಸಿದೆ. ಮೀಟರಿಗೆ 4.8 ವಾಟ್ ಬಳಸುವ, 12 ವೋಲ್ಟ್‌ನ ಪಟ್ಟಿ ಎರಡು ಮೀಟರ್ ಬೇಕಾಯಿತು. ಅದಕ್ಕೆ 2 ಆಂಪಿಯರ್‌ನ ಅಡಾಪ್ಟರ್ ಧಾರಾಳವಾಗಿ ಸಾಕು. ಪಟ್ಟಿಯನ್ನು ಹೊರಮುಖವಾಗಿ ಅಂಟಿಸದೆ, ಒಳಗೆ ನಿಲ್ಲಿಸಿದ ಬಿಳಿ ಹಲಗೆಯ ಕಡೆಗೆ ತಿರುಗಿಸಿದ್ದರಿಂದ ಬೆಳಕು ಹಲಗೆಗೆ ಬಡಿದು ಮರಳಿ, ಮೈಯೆಲ್ಲ ಒಂದೇ ಸಮನಾಗಿ ಹೊಳೆಯತೊಡಗಿತು. ಪರದೆಯಿದ್ದ ಜಾಗಕ್ಕೆ 3 ಮಿಲಿಮೀಟರ್ ದಪ್ಪದ ಹಾಲುಬಿಳುಪಿನ ಅಕ್ರಿಲಿಕ್ ಹಾಳೆ ಕೂರಿಸಿದೆ. ಟ್ಯೂಬಿನ ಉಬ್ಬು ಅದಕ್ಕಿಲ್ಲವೆಂಬ ಕೊರಗು ನನಗೆ ಈಗಲೂ ಇದೆ.

ಹೊರಮೈಗೆ ಒಂದು ರಂಧ್ರವನ್ನೂ ಕೊರೆಯಬಾರದೆಂಬ ಹಟವಿತ್ತು. ಕೇಬಲ್‌ಗಳಿಗೆಂದು ಪಕ್ಕದ ಬಾಗಿಲಿನಲ್ಲಿ ಮೊದಲೇ ಇದ್ದ ದುಂಡನೆಯ ತೂತಿನಿಂದಲೇ ತಂತಿ ಹೊರಬಂದಿತು. ಅಡಾಪ್ಟರ್ ಹೊರಗೇ ಇರುವುದರಿಂದ ಒಳಗೆ 12 ವೋಲ್ಟ್‌ಗಿಂತ ಹೆಚ್ಚಿನ ವಿದ್ಯುತ್ ಇಲ್ಲ. ಗಾಳಿಯಾಡುವ ಕಿಂಡಿಗಳನ್ನು ಮುಚ್ಚಿಲ್ಲ. ಸಂಜೆಯೆಲ್ಲ ಉರಿದ ಮೇಲೂ ಮೇಲಿನ ಹಿಡಿಕೆಯ ಬಳಿ ಅಂಗೈಯಿಟ್ಟರೆ ತುಸು ಬೆಚ್ಚಗೆ ತಾಗುತ್ತದೆ, ಅಷ್ಟೇ.