ಒಕ್ಕೂಟ ತೊರೆಯುವ ಹಕ್ಕನ್ನು ನಾನು ಪಾಠ ಮಾಡಿದ ಬಗೆ

ರಾಜ್ಯಶಾಸ್ತ್ರದ ಅಧ್ಯಾಪಕಿಯಾಗಿ ಈ ವಿಷಯವನ್ನು ನಾನು ಬಹಳ ಕಾಲ ಒಪ್ಪಂದದ ವಾದದಿಂದಲೇ ಆರಂಭಿಸುತ್ತಿದ್ದೆ. ತಾವಾಗಿ ಬಂದು ಸೇರಿದ ರಾಜ್ಯಗಳಿಗೆ ತಾವಾಗಿ ಹೊರಹೋಗುವ ನೈತಿಕ ಹಕ್ಕೂ ಇರಬೇಕಲ್ಲವೇ ಎಂದು ಕೇಳಿದರೆ ತರಗತಿಯ ಬಹುಪಾಲು ಮಂದಿ ಹೌದೆನ್ನುತ್ತಿದ್ದರು. ಆ ಒಪ್ಪಿಗೆ ಎಷ್ಟು ಸಲೀಸಾಗಿ ಬರುತ್ತಿತ್ತೆಂದರೆ, ನನ್ನ ಪ್ರಶ್ನೆಯಲ್ಲೇ ಏನೋ ಕೊರತೆಯಿದೆ ಎಂಬ ಶಂಕೆ ಹುಟ್ಟಿತು.

ಒಂದು ವರ್ಷ ಕ್ರಮ ಬದಲಿಸಿದೆ. ಸೌತ್ ಕ್ಯಾರೊಲಿನಾ 1860ರ ಡಿಸೆಂಬರ್‌ನಲ್ಲಿ ಅಮೆರಿಕದ ಒಕ್ಕೂಟ ತೊರೆದಾಗ ಹೊರಡಿಸಿದ ಕಾರಣಗಳ ಘೋಷಣೆಯನ್ನು ಜೆರಾಕ್ಸ್ ಮಾಡಿಸಿ ಎಲ್ಲರ ಕೈಗೂ ಕೊಟ್ಟೆ. ಅದರ ಮೊದಲ ಭಾಗ ರಾಜ್ಯಗಳ ಸ್ವಾತಂತ್ರ್ಯ, ಒಪ್ಪಂದ, ಒಪ್ಪಂದಭಂಗ ಎಂದು ಗಂಭೀರವಾಗಿ ಸಾಗುತ್ತದೆ. ಭಂಗವಾದದ್ದು ಯಾವುದೆಂದು ಹುಡುಕಿದರೆ, ತಪ್ಪಿಸಿಕೊಂಡು ಬಂದ ಗುಲಾಮರನ್ನು ಉತ್ತರದ ರಾಜ್ಯಗಳು ಹಿಡಿದೊಪ್ಪಿಸುತ್ತಿಲ್ಲ ಎಂಬ ದೂರು ಸಿಗುತ್ತದೆ. ಆ ವರ್ಷದ ಜನಗಣತಿಯಂತೆ ಅಲ್ಲಿನ ಸುಮಾರು 7 ಲಕ್ಷ ಜನರಲ್ಲಿ 4 ಲಕ್ಷಕ್ಕೂ ಹೆಚ್ಚು ಮಂದಿ ಗುಲಾಮರಾಗಿದ್ದರೆಂದು ಬೋರ್ಡಿನ ಮೇಲೆ ಬರೆದಾಗ, ಹಿಂದಿನ ಬೆಂಚಿನಿಂದ ಒಬ್ಬ ವಿದ್ಯಾರ್ಥಿನಿ, "ಹಾಗಾದರೆ ರಾಜ್ಯ ಹೊರಹೋಯಿತು ಅಂದರೆ ಹೋದವರು ಯಾರು, ಮೇಡಂ?" ಎಂದಳು. ಅಂದಿನಿಂದ ನನ್ನ ಪಾಠ ಆ ಪ್ರಶ್ನೆಯಿಂದಲೇ ಶುರುವಾಗುತ್ತದೆ.

ಕಾನೂನಿನ ಮಾತನ್ನು ಬೇಗ ಮುಗಿಸುತ್ತೇನೆ. ಒಕ್ಕೂಟ ಅವಿನಾಶಿ ಎಂದು ಅಮೆರಿಕದ ಸರ್ವೋಚ್ಚ ನ್ಯಾಯಾಲಯ 1869ರಲ್ಲಿ ಹೇಳಿತು. ಸೋವಿಯತ್ ಒಕ್ಕೂಟದ 1977ರ ಸಂವಿಧಾನ ತನ್ನ ಗಣರಾಜ್ಯಗಳಿಗೆ ಹೊರಹೋಗುವ ಹಕ್ಕನ್ನು ಬರೆದೇ ಕೊಟ್ಟಿತ್ತು. ಇವೆರಡರಿಂದಲೂ ನೈತಿಕ ಪ್ರಶ್ನೆ ಇತ್ಯರ್ಥವಾಗುವುದಿಲ್ಲ.

ಹೆಚ್ಚು ಹೊತ್ತು ನಿಲ್ಲುವುದು ಕೆನಡಾದ ಕ್ವಿಬೆಕ್ ಪ್ರಾಂತ್ಯದಲ್ಲಿ. 1995ರ ಜನಮತಗಣನೆಯಲ್ಲಿ ಪ್ರತ್ಯೇಕತೆಯ ಪರ ಶೇ 49.42 ಮತಗಳು ಬಿದ್ದವು. ಅದಕ್ಕೆ ಕೆಲವೇ ದಿನ ಮೊದಲು, ಆ ಪ್ರಾಂತ್ಯದ ಉತ್ತರ ಭಾಗದ ಮೂಲನಿವಾಸಿಗಳಾದ ಕ್ರೀ ಜನ ತಮ್ಮದೇ ಮತದಾನ ನಡೆಸಿ, ಶೇ 96ರಷ್ಟು ಮಂದಿ ಕೆನಡಾದಲ್ಲೇ ಉಳಿಯುತ್ತೇವೆಂದರು. ಸ್ಪಷ್ಟ ಪ್ರಶ್ನೆಗೆ ಸ್ಪಷ್ಟ ಬಹುಮತ ದೊರೆತರೆ ಉಭಯ ಪಕ್ಷಗಳೂ ಮಾತುಕತೆಗೆ ಕೂರಲೇಬೇಕು, ಆದರೆ ಏಕಪಕ್ಷೀಯವಾಗಿ ಎದ್ದುಹೋಗುವಂತಿಲ್ಲ ಎಂದು 1998ರಲ್ಲಿ ಕೆನಡಾದ ಸರ್ವೋಚ್ಚ ನ್ಯಾಯಾಲಯ ಹೇಳಿದ್ದನ್ನು ನಾನು ಈಗಲೂ ಅತ್ಯಂತ ವಿವೇಕದ ಮಾತೆಂದು ನಂಬುತ್ತೇನೆ. ಬೇರ್ಪಡುವ ಹಕ್ಕು ರಾಜ್ಯವೆಂಬ ಗಡಿರೇಖೆಯದಲ್ಲ, ಅದರೊಳಗಿನ ಜನರದು. ಇನ್ನೊಂದು ಪಕ್ಷ ಒಪ್ಪದೆ ಹೊರಡುವವರು ತಮಗಾದ ಅನ್ಯಾಯ ಘೋರವಾದದ್ದೆಂದೂ ಬೇರೆ ಪರಿಹಾರ ಉಳಿದಿಲ್ಲವೆಂದೂ ತೋರಿಸಬೇಕು, ತಮ್ಮೊಳಗಿನ ಅಲ್ಪಸಂಖ್ಯಾತರಿಗೆ ಅದೇ ಅನ್ಯಾಯ ಮಾಡುವುದಿಲ್ಲವೆಂಬ ಖಾತರಿಯನ್ನೂ ಕೊಡಬೇಕು.

ನಾರ್ವೆಯ ಉದಾಹರಣೆ ಬಂದಾಗ ಮಾತ್ರ ನನ್ನ ಈ ನಿಲುವು ಸಡಿಲಗೊಳ್ಳುತ್ತದೆ. ಘೋರ ಅನ್ಯಾಯವೇನೂ ಇಲ್ಲದೆಯೇ ಅದು 1905ರಲ್ಲಿ ಸ್ವೀಡನ್ನಿನಿಂದ ಬೇರೆಯಾಗಲು ಹೊರಟಿತು. ಪರವಾಗಿ 3,68,208 ಮತ, ವಿರುದ್ಧವಾಗಿ ಕೇವಲ 184. ಮುಂದಿನದು ಯುದ್ಧವಿಲ್ಲದೆ, ಮಾತುಕತೆಯಲ್ಲೇ ಮುಗಿಯಿತು. ಈ ಅಂಕಿಗಳನ್ನು ಬರೆದು ನಾನು ಸುಮ್ಮನಾಗುತ್ತೇನೆ. ಅಭಿಪ್ರಾಯ ಕೇಳದೆ ಬಿಟ್ಟದ್ದು ಯಾರನ್ನೆಂದು ವಿದ್ಯಾರ್ಥಿಗಳೇ ಹುಡುಕಬೇಕು. ಅಂದು ಮತದಾನದ ಹಕ್ಕಿಲ್ಲದಿದ್ದ ನಾರ್ವೆಯ ಮಹಿಳೆಯರು ತಾವೇ 2 ಲಕ್ಷಕ್ಕೂ ಹೆಚ್ಚು ಸಹಿ ಸಂಗ್ರಹಿಸಿ, ನಮ್ಮದೂ ಒಪ್ಪಿಗೆಯಿದೆ ಎಂದು ದಾಖಲಿಸಿದ್ದರು.