ಕೀಲಿ ಯಾರ ಬಳಿ ಇದೆ: ಮಾಹಿತಿ ಭದ್ರತೆಯ ಸ್ನಾತಕೋತ್ತರ ಅಧ್ಯಯನದಲ್ಲಿ ನನ್ನ ಅನುಭವ

ಆರು ವರ್ಷ ಸರ್ವರ್‌ಗಳ ನಿರ್ವಹಣೆಯ ಕೆಲಸ ಮಾಡಿದ ಮೇಲೆ ನಾನು ಮಾಹಿತಿ ಭದ್ರತೆಯ ಸ್ನಾತಕೋತ್ತರ ಪದವಿಗೆ ಸೇರಿದೆ. ತಂತ್ರಜ್ಞಾನವನ್ನೂ ಸಾರ್ವಜನಿಕ ನೀತಿಯನ್ನೂ ಒಟ್ಟಿಗೆ ಕಲಿಸುವ ಕೋರ್ಸನ್ನೇ ಆರಿಸಿಕೊಂಡದ್ದಕ್ಕೆ ದೊಡ್ಡ ಆದರ್ಶವೇನೂ ಕಾರಣವಾಗಿರಲಿಲ್ಲ. ದೋಷ ಸರಿಪಡಿಸುವ ಪ್ಯಾಚ್ ಹಾಕಲು ಅನುಮತಿ ಕೇಳಿ ನಾನು ಬರೆದ ಮನವಿಗಳು ವಾರಗಟ್ಟಲೆ ಯಾರದೋ ಮೇಜಿನ ಮೇಲೆ ಕೊಳೆಯುತ್ತಿದ್ದವು; ಆ ಮೇಜಿನ ಆಚೆ ಕುಳಿತವರ ಲೆಕ್ಕಾಚಾರ ಏನೆಂದು ನನಗೆ ತಿಳಿಯಬೇಕಿತ್ತು. ಹಾಗಿದ್ದೂ ನೀತಿಯ ವಿಷಯಗಳೆಂದರೆ ಸುಲಭವಾಗಿ ಅಂಕ ಬರುವಂಥವು, ಕಷ್ಟವೆಲ್ಲ ಗೂಢಲಿಪಿಶಾಸ್ತ್ರದಲ್ಲಿಯೇ ಇದೆ ಎಂದು ಒಳಗೊಳಗೆ ನಂಬಿದ್ದೆ.

ಮೊದಲ ಸೆಮಿಸ್ಟರ್‌ನ ಪ್ರಯೋಗಾಲಯದಲ್ಲಿ 2014ರಲ್ಲಿ ಬಯಲಾದ ಹಾರ್ಟ್‌ಬ್ಲೀಡ್ ದೋಷವನ್ನು ನಾವೇ ಮರುಸೃಷ್ಟಿಸಿ ನೋಡಬೇಕಿತ್ತು. ಬಂದ ಸಂದೇಶದ ನಿಜವಾದ ಉದ್ದವನ್ನು, ಜಾಲತಾಣಗಳ ಸಂಪರ್ಕವನ್ನು ಗೂಢಲಿಪಿಗೆ ತಿರುಗಿಸುವ ತಂತ್ರಾಂಶವಾದ ಓಪನ್‌ಎಸ್‌ಎಸ್‌ಎಲ್ ಪರಿಶೀಲಿಸುತ್ತಿರಲಿಲ್ಲವಾದ್ದರಿಂದ, ಒಂದೊಂದು ಕೋರಿಕೆಗೂ ಸರ್ವರ್‌ನ ಸ್ಮೃತಿಯಿಂದ 64 ಕಿಲೋಬೈಟ್‌ವರೆಗಿನ ತುಣುಕು ಹೊರಗೆ ಸೋರುತ್ತಿತ್ತು. ತಿದ್ದುಪಡಿ ಕೆಲವೇ ಸಾಲುಗಳದು. ಅರ್ಧ ದಿನದಲ್ಲಿ ಅದು ಅರ್ಥವಾಯಿತು. ಅದೇ ವಾರ ನೀತಿಯ ತರಗತಿಯಲ್ಲಿ ಕೇಳಿದ ಪ್ರಶ್ನೆ ಮಾತ್ರ ತಿಂಗಳುಗಟ್ಟಲೆ ಕಾಡಿತು: ಎಲ್ಲರೂ ಪುಕ್ಕಟೆಯಾಗಿ ಬಳಸುವ, ಬೆರಳೆಣಿಕೆಯ ಜನ ನೋಡಿಕೊಳ್ಳುವ ಇಂಥ ತಂತ್ರಾಂಶದ ಪರಿಶೀಲನೆಗೆ ಹಣ ಕೊಡಬೇಕಾದವರು ಯಾರು?

ಈ ಪ್ರಶ್ನೆಯ ಬೆನ್ನು ಹತ್ತಿಯೇ ನಾನು ಗಣಕ ಭದ್ರತೆಯ ಸಂಶೋಧಕ ರಾಸ್ ಆಂಡರ್ಸನ್ 2001ರಲ್ಲಿ ಪ್ರಕಟಿಸಿದ, ಭದ್ರತೆಯನ್ನು ಅರ್ಥಶಾಸ್ತ್ರದ ಕಣ್ಣಿನಿಂದ ನೋಡಿದ ಪ್ರಬಂಧವನ್ನು ಓದಿದೆ. ಎಟಿಎಂ ವಂಚನೆಯ ವಿವಾದ ಎದ್ದಾಗ ಅಮೆರಿಕದಲ್ಲಿ ತಪ್ಪು ಗ್ರಾಹಕನದೆಂದು ರುಜುವಾತು ಮಾಡುವ ಹೊಣೆ ಬ್ಯಾಂಕಿನದಾಗಿತ್ತು, ಬ್ರಿಟನ್ನಿನಲ್ಲಿ ಆ ಭಾರ ಗ್ರಾಹಕನ ತಲೆಯ ಮೇಲಿತ್ತು. ಆದರೂ ಭದ್ರತೆಗೆ ಹೆಚ್ಚು ಖರ್ಚು ಮಾಡಿ ಕಡಿಮೆ ಫಲ ಪಡೆದವು ಬ್ರಿಟನ್ನಿನ ಬ್ಯಾಂಕುಗಳೇ ಎಂದು ಆತ ತೋರಿಸುತ್ತಾರೆ. ನಷ್ಟ ಬೇರೆಯವರದಾದಾಗ ಎಚ್ಚರ ತಾನಾಗಿಯೇ ಸಡಿಲವಾಗುತ್ತದೆ. ನನ್ನ ಮನವಿಗಳು ಏಕೆ ಕೊಳೆಯುತ್ತಿದ್ದವೆಂಬುದು ಆ ಕೆಲವು ಪುಟಗಳಲ್ಲಿ ತಿಳಿಯಿತು: ಪ್ಯಾಚ್ ಹಾಕಿ ಸೇವೆ ನಿಂತುಹೋದರೆ ಬೈಗುಳ ಆ ಅಧಿಕಾರಿಗೆ, ಹಾಕದೆ ದತ್ತಾಂಶ ಸೋರಿದರೆ ನಷ್ಟ ಅಪರಿಚಿತ ಬಳಕೆದಾರರಿಗೆ.

ನನ್ನ ಸೊಕ್ಕು ನಿಜಕ್ಕೂ ಇಳಿದದ್ದು ಎರಡನೆಯ ಸೆಮಿಸ್ಟರ್‌ನಲ್ಲಿ. ಒಂದು ಸಂಸ್ಥೆ ತನ್ನ ಜಾಲತಾಣಕ್ಕೆ ಯಾರು ಯಾವಾಗ ಬಂದರೆಂಬ ದಾಖಲೆಗಳಾದ ಲಾಗ್‌ಗಳನ್ನು ಎಷ್ಟು ಕಾಲ ಇಟ್ಟುಕೊಳ್ಳಬಹುದೆಂಬುದರ ಬಗ್ಗೆ ಎರಡು ಪುಟದ ನೀತಿ ಟಿಪ್ಪಣಿ ಬರೆಯಬೇಕಿತ್ತು. ‘ಐಪಿ ವಿಳಾಸಗಳನ್ನು ಹ್ಯಾಶ್ ಮಾಡಿ ಇಡುವುದರಿಂದ ಅವು ವೈಯಕ್ತಿಕ ದತ್ತಾಂಶವಾಗಿ ಉಳಿಯುವುದಿಲ್ಲ’ ಎಂದು ನಾನು ಗಟ್ಟಿಯಾಗಿ ಬರೆದೆ. ಐಪಿ ವಿಳಾಸವೆಂದರೆ ಅಂತರ್ಜಾಲಕ್ಕೆ ಸೇರಿದ ಸಾಧನದ ಸಂಖ್ಯಾ ಗುರುತು; ಹ್ಯಾಶ್ ಮಾಡುವುದೆಂದರೆ ಅದನ್ನು ಹಿಂದಕ್ಕೆ ತಿರುಗಿಸಲಾಗದ, ನಿಗದಿತ ಉದ್ದದ ಅಕ್ಷರಸಾಲಾಗಿ ಬದಲಿಸುವುದು. ಟಿಪ್ಪಣಿ ಒಂದೇ ಸಾಲಿನ ಷರಾದೊಂದಿಗೆ ಹಿಂದಿರುಗಿತು: ‘ಇದನ್ನು ನೀವೇ ಒಡೆದು ನೋಡಿದ್ದೀರಾ?’ ನೋಡಿರಲಿಲ್ಲ. ಐಪಿವಿ4 ವಿಳಾಸ 32 ಬಿಟ್‌ಗಳದು. ಸಾಧ್ಯವಿರುವ ವಿಳಾಸಗಳೆಲ್ಲ ಸೇರಿ ಸುಮಾರು 429 ಕೋಟಿ. ಮನುಷ್ಯನ ಎಣಿಕೆಗೆ ಇದು ಅಗಾಧ, ಯಂತ್ರಕ್ಕೆ ಅಲ್ಪ. ಪ್ರತಿಯೊಂದು ವಿಳಾಸವನ್ನೂ ಎಸ್‌ಎಚ್‌ಎ-256ರಲ್ಲಿ ಹ್ಯಾಶ್ ಮಾಡಿ ಲಾಗ್‌ನೊಂದಿಗೆ ಹೋಲಿಸುವ ಪುಟ್ಟ ಪ್ರೋಗ್ರಾಮನ್ನು ನನ್ನ ಲ್ಯಾಪ್‌ಟಾಪ್‌ನಲ್ಲಿ ಓಡಿಸಿ ಊಟಕ್ಕೆ ಹೋದೆ. ಬರುವಷ್ಟರಲ್ಲಿ ನನ್ನ ಮಾದರಿ ಲಾಗ್‌ನ ಎಲ್ಲ ವಿಳಾಸಗಳೂ ಪರದೆಯ ಮೇಲಿದ್ದವು. ಹ್ಯಾಶ್‌ನಿಂದ ಹಿಂದಕ್ಕೆ ಹೋಗಲಾಗದೆಂಬ ಮಾತು ಸುಳ್ಳಾಗಿರಲಿಲ್ಲ. ನಾನು ಹಿಂದಕ್ಕೆ ಹೋಗಿಯೇ ಇರಲಿಲ್ಲ, ಮುಂದಿನಿಂದ ಎಲ್ಲ ಬಾಗಿಲುಗಳನ್ನೂ ತಟ್ಟಿದ್ದೆ ಅಷ್ಟೆ.

ಹ್ಯಾಶ್ ಮಾಡುವ ಮುನ್ನ ಸಾಲ್ಟ್ ಎಂಬ ಯಾದೃಚ್ಛಿಕ ಅಕ್ಷರಗಳನ್ನು ಸೇರಿಸಿದರೆ ಸಾಕೆಂದು ಮೊದಲು ಹೊಳೆಯಿತು. ಆದರೆ ಅದು ಲಾಗ್‌ನ ಪಕ್ಕದಲ್ಲಿಯೇ ಇದ್ದರೆ ದಾಳಿಕೋರ ಅದನ್ನೂ ಸೇರಿಸಿಕೊಂಡು ಎಣಿಸುತ್ತಾನೆ. ರಹಸ್ಯ ಕೀಲಿಯನ್ನು ಬಳಸಿ ಹ್ಯಾಶ್ ಮಾಡುವ ವಿಧಾನವಾದ ಎಚ್‌ಮ್ಯಾಕ್ ಮೇಲು. ಆದರೆ ಆ ಕೀಲಿ ಇರುವವರೆಗೂ ಅದನ್ನು ಹಿಡಿದವರಿಗೆ ವಿಳಾಸಗಳು ತೆರೆದೇ ಇರುತ್ತವೆ. ಇಲ್ಲಿಗೆ ಬಂದಾಗ ನಾನು ಕಾನೂನನ್ನು ಮೊದಲ ಬಾರಿಗೆ ಗಮನವಿಟ್ಟು ಓದಿದೆ. ಐರೋಪ್ಯ ಒಕ್ಕೂಟದಲ್ಲಿ 2018ರ ಮೇ 25ರಿಂದ ಅನ್ವಯವಾಗುತ್ತಿರುವ ದತ್ತಾಂಶ ರಕ್ಷಣಾ ಕಾನೂನು ಜಿಡಿಪಿಆರ್, ಹೆಚ್ಚುವರಿ ಮಾಹಿತಿಯ ನೆರವಿನಿಂದ ವ್ಯಕ್ತಿಗೆ ಮರಳಿ ಜೋಡಿಸಬಹುದಾದ ದತ್ತಾಂಶವನ್ನು ಗುಪ್ತನಾಮ ಪಡೆದ ದತ್ತಾಂಶವೆಂದು ಕರೆದು, ಅದನ್ನು ವೈಯಕ್ತಿಕವೆಂದೇ ಪರಿಗಣಿಸುತ್ತದೆ. ಅನಾಮಧೇಯಗೊಳಿಸಿದ್ದನ್ನು ಮಾತ್ರ ಹೊರಗಿಡುತ್ತದೆ. ಒಣ ವ್ಯಾಖ್ಯಾನವೆಂದು ನಾನು ಹಾರಿಸಿ ಓದಿದ್ದ ಆ ‘ಹೆಚ್ಚುವರಿ ಮಾಹಿತಿ’ ನನ್ನ ಪಾಲಿಗೆ ಈಗ ಆ ಕೀಲಿಯೇ ಆಗಿತ್ತು. ತಿದ್ದಿದ ಟಿಪ್ಪಣಿಯಲ್ಲಿ ‘ಹ್ಯಾಶ್ ಮಾಡಲಾಗುವುದು’ ಎಂಬುದನ್ನು ಬಿಟ್ಟು, ಕೀಲಿ ಯಾರ ಬಳಿ ಇರುತ್ತದೆ, ಎಷ್ಟು ದಿನ ಇರುತ್ತದೆ, ಅಳಿಸಿದ್ದನ್ನು ಯಾರು ಖಚಿತಪಡಿಸುತ್ತಾರೆ ಎಂದು ಬರೆದೆ.

ಅದೇ ನನ್ನ ಪ್ರೌಢಪ್ರಬಂಧದ ವಿಷಯವಾಯಿತು. ಒಬ್ಬರು ಗಣಕ ವಿಜ್ಞಾನದವರು, ಒಬ್ಬರು ಸಾರ್ವಜನಿಕ ನೀತಿಯವರು ಎಂದು ಇಬ್ಬರು ಮಾರ್ಗದರ್ಶಕರನ್ನು ನಾನೇ ಕೇಳಿಕೊಂಡು ಪಡೆದಿದ್ದೆ. ಇದನ್ನು ಮೊದಲ ವರ್ಷವೇ ಮಾಡಬೇಕಿತ್ತು. ‘ಅಪಾಯ’ ಎಂಬ ಒಂದೇ ಪದವನ್ನು ಇಬ್ಬರೂ ಬೇರೆಬೇರೆ ಅರ್ಥದಲ್ಲಿ ಬಳಸುತ್ತಿದ್ದುದು ತಿಳಿಯಲು ಮೂರು ಭೇಟಿಗಳು ವ್ಯರ್ಥವಾದವು. ಆಮೇಲೆ ಪ್ರತಿ ಅಧ್ಯಾಯದ ಮೊದಲ ಪುಟದಲ್ಲಿ ಪದಗಳ ಅರ್ಥವನ್ನು ನಿಗದಿ ಮಾಡಿಯೇ ಮುಂದುವರಿದೆ, ಒಬ್ಬರಿಗೆ ಬರೆದ ಅಧ್ಯಾಯವನ್ನು ಇನ್ನೊಬ್ಬರಿಗೆ ಮೊದಲು ಓದಲು ಕೊಟ್ಟೆ.

ಮೂವತ್ತು ದಿನಕ್ಕೊಮ್ಮೆ ಕೀಲಿಯನ್ನು ಬದಲಿಸಿ ಹಳೆಯದನ್ನು ನಾಶಮಾಡುವ ವ್ಯವಸ್ಥೆಯನ್ನು ಪ್ರಬಂಧಕ್ಕಾಗಿ ಕಟ್ಟಿ, ಅದು ಸರಿಯಾಗಿದೆಯೆಂದು ಬರೆದೂ ಆಗಿತ್ತು. ಸಲ್ಲಿಕೆಗೆ ಎರಡು ವಾರ ಇರುವಾಗ, ಸರ್ವರ್ ಕೆಲಸದ ಹಳೆಯ ಅಭ್ಯಾಸಬಲದಿಂದ ಬ್ಯಾಕಪ್ ತೆರೆದು ನೋಡಿದೆ. ಅಳಿಸಿದೆನೆಂದುಕೊಂಡಿದ್ದ ಮೂರು ತಿಂಗಳ ಕೀಲಿಗಳೂ ಅಲ್ಲಿ ಸುರಕ್ಷಿತವಾಗಿ ಕುಳಿತಿದ್ದವು. ಇಡೀ ಐದನೆಯ ಅಧ್ಯಾಯವನ್ನು ಮತ್ತೆ ಬರೆಯಬೇಕಾಯಿತು.