ಹಳೆಯ ಕಲ್ಲುಕಟ್ಟಡದಲ್ಲಿ ಕೌದಿ ತೂಗುಹಾಕುವ ಕ್ರಮ

ಫ್ರಾನ್ಸ್‌ನ ಆಂಜೆ ನಗರದಲ್ಲಿ 12ನೆಯ ಶತಮಾನದಲ್ಲಿ ಕಟ್ಟಿದ ಆಸ್ಪತ್ರೆಯೊಂದರ ಕಮಾನು ಹಜಾರದಲ್ಲಿ ಈಗ ರೋಗಿಗಳಿಲ್ಲ. ಕಲಾವಿದ ಜಾನ್ ಲ್ಯುರ್ಸಾ 1957ರಲ್ಲಿ ಆರಂಭಿಸಿದ, ಒಟ್ಟು ಸುಮಾರು 80 ಮೀಟರ್ ಉದ್ದದ ಹತ್ತು ಚಿತ್ರನೇಯ್ಗೆಗಳು ಅಲ್ಲಿ ತೂಗುತ್ತಿವೆ. ಹಾಗೆಯೇ ನಮ್ಮ ಊರಿನ ವಾಡೆಯಲ್ಲೋ ಹಳೆಯ ಶಾಲೆಯಲ್ಲೋ ಅಜ್ಜಿಯರು ಹೊಲಿದ ಕೌದಿಗಳನ್ನು ಪ್ರದರ್ಶನಕ್ಕಿಡಬೇಕೆನ್ನುವವರು ಗೋಡೆ ಮತ್ತು ಬಟ್ಟೆ ಎರಡಕ್ಕೂ ಪೆಟ್ಟಾಗದಂತೆ ನೋಡಿಕೊಳ್ಳಬೇಕು.

ಮೊದಲು ಗೋಡೆಯನ್ನು ಮಳೆಗಾಲದಲ್ಲಿ ಪರೀಕ್ಷಿಸಿರಿ. ಬುಡದಲ್ಲಿ ಬಿಳಿ ಉಪ್ಪಿನ ಪುಡಿ ಕಂಡರೆ ನೆಲದ ತೇವ ಮೇಲೇರುತ್ತಿದೆ ಎಂದರ್ಥ. ಅಂಥ ಗೋಡೆಯನ್ನು ಬಿಟ್ಟು ಒಳಗೋಡೆಯನ್ನು ಆರಿಸಿರಿ. ಸಂರಕ್ಷಿತ ಸ್ಮಾರಕವಾದರೆ ಪುರಾತತ್ವ ಇಲಾಖೆಯ ಅನುಮತಿಯಿಲ್ಲದೆ ಒಂದು ಮೊಳೆಯನ್ನೂ ಹೊಡೆಯಬಾರದು.

ಕೌದಿಯನ್ನು ಒಗೆಯುವ ಆತುರ ಬೇಡ. ಹಳೆಯ ಸೀರೆ, ಧೋತರ, ಕುಬಸದ ತುಂಡುಗಳ ಬಣ್ಣಗಳು ಬೇರೆಬೇರೆ ಬಗೆಯವಾಗಿರುವುದರಿಂದ, ಒದ್ದೆ ಮಾಡಿದ ಬಿಳಿ ಹತ್ತಿಯನ್ನು ಪ್ರತಿ ತುಂಡಿನ ಮೂಲೆಗೆ ಒತ್ತಿ ನೋಡಿರಿ. ಒಂದರಲ್ಲಿ ಬಣ್ಣ ಬಿಟ್ಟರೂ ನೀರು ಮುಟ್ಟಿಸದೆ, ವ್ಯಾಕ್ಯೂಮ್ ಕ್ಲೀನರ್‌ನ ಬಾಯಿಗೆ ಸೊಳ್ಳೆಪರದೆಯ ತುಂಡು ಕಟ್ಟಿ ಧೂಳು ಮಾತ್ರ ತೆಗೆಯಿರಿ.

ತೂಗುಹಾಕುವ ಕೆಲಸದಲ್ಲೇ ಹೆಚ್ಚು ಹಾನಿಯಾಗುವುದು. ಎರಡು ಮೂಲೆಗೆ ಕ್ಲಿಪ್ ಹಾಕಿದರೆ ಇಡೀ ಭಾರ ಆ ಎರಡು ಕಡೆಯೇ ಬಿದ್ದು, ಸವೆದ ಅರಿವೆ ಅಲ್ಲಿಂದಲೇ ಹರಿಯತೊಡಗುತ್ತದೆ. ಗಂಜಿ ಹೋಗುವಂತೆ ಒಗೆದು ಒಣಗಿಸಿದ ಕೋರಾ ಬಟ್ಟೆಯಿಂದ ನಾಲ್ಕು ಇಂಚು ಅಗಲದ ಕೊಳವೆಯಂಥ ಪಟ್ಟಿಯನ್ನು ಮಾಡಿ, ಕೌದಿಯ ಹಿಂಬದಿಯ ಮೇಲಂಚಿಗೆ ಉದ್ದಕ್ಕೂ ಕೈಹೊಲಿಗೆ ಹಾಕಿರಿ. ಹಳೆಯ ಹೊಲಿಗೆಯ ದಾರವನ್ನು ಸೂಜಿ ಚುಚ್ಚದಂತೆ, ಟಾಕಿಗಳು ಗಟ್ಟಿಯಾಗಿ ಬಿಗಿಯದಂತೆ ಎಚ್ಚರ ವಹಿಸಿರಿ. ಆ ಪಟ್ಟಿಯೊಳಗೆ ಅಲ್ಯೂಮಿನಿಯಂ ಪೈಪು ತೂರಿಸಿ, ತೊಲೆಯಿಂದ ಹಗ್ಗದಲ್ಲಿ ಇಳಿಬಿಟ್ಟರೆ ಭಾರ ಸಮವಾಗಿ ಹಂಚಿಹೋಗುತ್ತದೆ. ಗೋಡೆಗೂ ಕೌದಿಗೂ ನಡುವೆ ಎರಡು ಇಂಚಾದರೂ ಗಾಳಿಯಾಡಲಿ.

ಬಿಸಿಲು ನೇರವಾಗಿ ಬೀಳಬಾರದು, ಏಕೆಂದರೆ ಮಾಸಿದ ಬಣ್ಣ ಮತ್ತೆ ಬರುವುದಿಲ್ಲ. ವಸ್ತುಸಂಗ್ರಹಾಲಯಗಳಲ್ಲಿ ಬಟ್ಟೆಗೆ 50 ಲಕ್ಸ್ (ಲಕ್ಸ್ ಎಂದರೆ ಬೆಳಕಿನ ಅಳತೆ) ಬೆಳಕು ಸಾಕೆನ್ನುತ್ತಾರೆ. ಮೂರು ನಾಲ್ಕು ತಿಂಗಳಿಗೊಮ್ಮೆ ಕೌದಿಯನ್ನು ಇಳಿಸಿ, ಮಡಚದೆ ದಪ್ಪ ಪೈಪಿಗೆ ಸುತ್ತಿಟ್ಟು, ಬೇರೊಂದನ್ನು ತೂಗುಹಾಕಿರಿ. ಇಲಿ, ಗೆದ್ದಲಿನ ಕಾಟವಿದೆಯೇ ಎಂದು ಆಗಲೇ ನೋಡಿರಿ. ನುಸಿಗುಳಿಗೆ ಬಟ್ಟೆಗೆ ತಾಗಬಾರದು.

ಪಕ್ಕದ ಫಲಕದಲ್ಲಿ ಊರು, ಅಳತೆಗಳಿಗಿಂತ ಮೊದಲು ಹೊಲಿದ ತಾಯಿಯ ಹೆಸರನ್ನು ಅವರ ಒಪ್ಪಿಗೆ ಪಡೆದು ಬರೆಯಿರಿ. ಯಾವ ತುಂಡು ಯಾರ ಸೀರೆಯದೆಂದು ಹೇಳಬಲ್ಲ ಹಿರಿಯರು ಮನೆಯಲ್ಲಿದ್ದರೆ, ಕೌದಿಯನ್ನು ಗೋಡೆಗೇರಿಸುವ ಮೊದಲೇ ಅವರ ಮುಂದೆ ಹಾಸಿ, ಕೇಳಿ ಬರೆದುಕೊಳ್ಳಿರಿ.